ಯಂತ್ರಾಂಶ ಗಡಿಯಾರಕ್ಕೆ ಎಸ್‌ಇಲಿನಕ್ಸ್ ಪ್ರವೇಶ ನಿರಾಕರಣೆ

ಯಂತ್ರಾಂಶ ಗಡಿಯಾರಕ್ಕೆ ಎಸ್‌ಇಲಿನಕ್ಸ್ ಪ್ರವೇಶ ನಿರಾಕರಣೆ ಎಂಬುದು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಉಂಟಾಗುವ ಒಂದು ಸ್ಥಿತಿ. ಸಮಯವನ್ನು ಸರಿಹೊಂದಿಸುವ ಸೇವೆಯೊಂದು ಗಣಕದ ಮದರ್‌ಬೋರ್ಡ್‌ನಲ್ಲಿರುವ ಗಡಿಯಾರವನ್ನು ಓದಲು ಅಥವಾ ತಿದ್ದಲು ಯತ್ನಿಸಿದಾಗ ಎಸ್‌ಇಲಿನಕ್ಸ್ ಭದ್ರತಾ ನೀತಿಯು ಅದನ್ನು ತಡೆಯುತ್ತದೆ. ಸೇವೆಯು ರೂಟ್ ಬಳಕೆದಾರನ ಅಧಿಕಾರದಲ್ಲಿ ನಡೆಯುತ್ತಿದ್ದರೂ ಈ ತಡೆ ಅನ್ವಯಿಸುತ್ತದೆ. ಇದರ ಪರಿಣಾಮವು ಒಡನೆಯೇ ಕಾಣದೆ, ಅನೇಕ ವೇಳೆ ಗಣಕವನ್ನು ಮುಂದಿನ ಬಾರಿ ಚಾಲನೆಗೊಳಿಸಿದಾಗಲಷ್ಟೇ ಹೊರಬೀಳುತ್ತದೆ.

ಎರಡು ಗಡಿಯಾರಗಳು

ಲಿನಕ್ಸ್ ಗಣಕದಲ್ಲಿ ಸಮಯವನ್ನು ಎರಡು ಕಡೆ ಇಡಲಾಗುತ್ತದೆ. ಮೊದಲನೆಯದು ಕರ್ನೆಲ್ ನಿರ್ವಹಿಸುವ ವ್ಯವಸ್ಥೆಯ ಗಡಿಯಾರ. ವಿದ್ಯುತ್ ನಿಂತರೆ ಇದು ಅಳಿಸಿಹೋಗುತ್ತದೆ. ಎರಡನೆಯದು ಯಂತ್ರಾಂಶ ಗಡಿಯಾರ. ಸಾಮಾನ್ಯವಾಗಿ ಸಿಆರ್2032 ಮಾದರಿಯ ನಾಣ್ಯದಾಕಾರದ ಬ್ಯಾಟರಿಯ ಬಲದಿಂದ ಇದು ಗಣಕ ಆರಿದ್ದಾಗಲೂ ನಡೆಯುತ್ತಿರುತ್ತದೆ. 1984ರ ಐಬಿಎಂ ಪಿಸಿ ಎಟಿ ಗಣಕದಲ್ಲಿ ಮೊಟೊರೊಲಾ ಸಂಸ್ಥೆಯ ಎಂಸಿ146818 ಚಿಪ್ ಈ ಕೆಲಸ ಮಾಡುತ್ತಿತ್ತು. ಇಂತಹ ಗಡಿಯಾರಗಳಲ್ಲಿ ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕವಿರುತ್ತದೆ. ಅದು ಹತ್ತು ಲಕ್ಷದಲ್ಲಿ 20 ಭಾಗದಷ್ಟು ತಪ್ಪಿದರೂ ದಿನಕ್ಕೆ ಸುಮಾರು 1.7 ಸೆಕೆಂಡು, ತಿಂಗಳಿಗೆ ಹೆಚ್ಚುಕಡಿಮೆ ಒಂದು ನಿಮಿಷದ ವ್ಯತ್ಯಾಸ ಬೀಳುತ್ತದೆ. ಗಣಕವು ಚಾಲನೆಗೊಳ್ಳುವಾಗ ಮೊದಲ ಸಮಯವನ್ನು ಪಡೆಯುವುದು ಈ ಗಡಿಯಾರದಿಂದಲೇ. ಜಾಲದ ಮೂಲಕ ನಿಖರ ಸಮಯ ದೊರೆಯುವುದು ಅನಂತರ.

ತಡೆಯು ಕೆಲಸ ಮಾಡುವ ಬಗೆ

ಎಸ್‌ಇಲಿನಕ್ಸ್ ಅನ್ನು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು ರೂಪಿಸಿ 2000ದ ಡಿಸೆಂಬರ್‌ನಲ್ಲಿ ಸಾರ್ವಜನಿಕರಿಗೆ ಬಿಡುಗಡೆ ಮಾಡಿತು; 2003ರಲ್ಲಿ ಅದು ಲಿನಕ್ಸ್ ಕರ್ನೆಲ್‌ನ ಭಾಗವಾಯಿತು. ಇದರಲ್ಲಿ ಪ್ರತಿಯೊಂದು ಪ್ರಕ್ರಿಯೆಗೂ ಪ್ರತಿಯೊಂದು ಕಡತಕ್ಕೂ ಒಂದು ಗುರುತುಪಟ್ಟಿ ಇರುತ್ತದೆ. ಯಂತ್ರಾಂಶ ಗಡಿಯಾರವನ್ನು ಪ್ರತಿನಿಧಿಸುವ ಸಾಧನ ಕಡತದ ಗುರುತು ‘ಕ್ಲಾಕ್_ಡಿವೈಸ್_ಟಿ’. ಸಮಯ ಹೊಂದಿಸುವ ಕ್ರೋನಿ ಸೇವೆಯದು ‘ಕ್ರೋನಿಡಿ_ಟಿ’. ಮೊದಲಿಗೆ ಸಾಂಪ್ರದಾಯಿಕ ಅನುಮತಿಗಳ ಪರಿಶೀಲನೆ ನಡೆಯುತ್ತದೆ, ಅದನ್ನು ದಾಟಿದ ಬಳಿಕ ಎಸ್‌ಇಲಿನಕ್ಸ್‌ನ ಸರದಿ. ಇಂತಹ ಗುರುತಿನ ಪ್ರಕ್ರಿಯೆ ಇಂತಹ ಗುರುತಿನ ಸಾಧನವನ್ನು ಬಳಸಬಹುದು ಎಂಬ ನಿಯಮ ನೀತಿಯಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ ಉತ್ತರ ನಿರಾಕರಣೆಯೇ.

ಗಡಿಯಾರಕ್ಕೆ ಇಷ್ಟು ಕಾವಲು ಅತಿಯೆನಿಸಬಹುದು, ಆದರೆ ಕಾರಣವಿಲ್ಲದೆ ಇಟ್ಟದ್ದಲ್ಲ. ಗಡಿಯಾರವನ್ನು ಹಿಂದಕ್ಕೆ ತಿರುಗಿಸಬಲ್ಲ ದಾಳಿಕೋರನು ಅವಧಿ ಮೀರಿದ ಭದ್ರತಾ ಪ್ರಮಾಣಪತ್ರವನ್ನು ಮತ್ತೆ ಮಾನ್ಯವೆಂದು ತೋರಿಸಬಲ್ಲನು; ದಾಖಲೆಗಳ ಕಾಲಕ್ರಮವನ್ನು ಕದಡಿ ತನ್ನ ಜಾಡನ್ನು ಮರೆಮಾಚಬಲ್ಲನು. ಕರ್ಬೆರೋಸ್ ದೃಢೀಕರಣದಲ್ಲಿ ಪೂರ್ವನಿಗದಿತವಾಗಿ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಪ್ರವೇಶವೇ ಸಿಗುವುದಿಲ್ಲ.

ಕಾರಣಗಳು ಮತ್ತು ಪತ್ತೆ

ಸಾಧನ ಕಡತದ ಗುರುತು ತಪ್ಪಿ ‘ಡಿವೈಸ್_ಟಿ’ ಎಂಬ ಸಾಮಾನ್ಯ ಗುರುತು ಬಿದ್ದಿರುವುದು, ತಂತ್ರಾಂಶದ ಹೊಸ ಆವೃತ್ತಿಯು ಹಳೆಯ ನೀತಿಗೆ ಗೊತ್ತಿಲ್ಲದ ಅನುಮತಿಯನ್ನು ಕೇಳುವುದು, ಸ್ವಂತವಾಗಿ ಬರೆದ ಸೇವೆಗೆ ನೀತಿಯನ್ನೇ ಬರೆಯದಿರುವುದು ಇವು ಸಾಮಾನ್ಯ ಕಾರಣಗಳು. ನಿರಾಕರಣೆಯು ಲೆಕ್ಕಪರಿಶೋಧನಾ ದಾಖಲೆಯಲ್ಲಿ ‘ಎವಿಸಿ’ ಎಂಬ ಹೆಸರಿನಡಿ ದಾಖಲಾಗುತ್ತದೆ. ಕೇಳಿದ ಪ್ರಕ್ರಿಯೆ, ಬಯಸಿದ ಕ್ರಿಯೆ, ಎರಡೂ ಬದಿಯ ಗುರುತುಗಳು ಅದರಲ್ಲಿರುತ್ತವೆ. ‘ಎಯುಸರ್ಚ್’ ಆದೇಶದಿಂದ ಹುಡುಕಬಹುದು. ನೀತಿಯಲ್ಲಿ ‘ಡೋಂಟ್‌ಆಡಿಟ್’ ನಿಯಮವಿದ್ದರೆ ಮಾತ್ರ ನಿರಾಕರಣೆ ನಡೆದರೂ ದಾಖಲೆ ಉಳಿಯುವುದಿಲ್ಲ.

ಎಲ್ಲ ತಡೆಯೂ ಎಸ್‌ಇಲಿನಕ್ಸ್‌ನದ್ದಲ್ಲ. 2020ರಲ್ಲಿ ಬಂದ ಸಿಸ್ಟಂಡಿ 245ನೇ ಆವೃತ್ತಿಯು ‘ಪ್ರೊಟೆಕ್ಟ್‌ಕ್ಲಾಕ್’ ಎಂಬ ಆಯ್ಕೆಯನ್ನು ಸೇರಿಸಿತು. ಅದನ್ನು ಬಳಸಿದ ಸೇವೆಯು ಗಡಿಯಾರವನ್ನು ತಿದ್ದಲಾರದು, ಎವಿಸಿ ದಾಖಲೆಯೂ ಮೂಡದು. ಯಂತ್ರಾಂಶ ಗಡಿಯಾರವನ್ನು ಬೇರೊಂದು ಪ್ರಕ್ರಿಯೆಯು ತೆರೆದಿಟ್ಟುಕೊಂಡಿದ್ದರೆ ‘ಸಾಧನ ಕಾರ್ಯನಿರತವಾಗಿದೆ’ ಎಂಬ ದೋಷ ಬರುತ್ತದೆ. ಭಾರತದಲ್ಲಿ ಸಮಯವು ಸರಿಯಾಗಿ 5 ಗಂಟೆ 30 ನಿಮಿಷ ತಪ್ಪಿದ್ದರೆ ಭದ್ರತಾ ನೀತಿಯನ್ನು ಶಂಕಿಸಬೇಕಾಗಿಲ್ಲ: ಒಂದೇ ಗಣಕದಲ್ಲಿ ವಿಂಡೋಸ್ ಕೂಡ ಇದ್ದು, ಅದು ಯಂತ್ರಾಂಶ ಗಡಿಯಾರವನ್ನು ಸ್ಥಳೀಯ ಸಮಯಕ್ಕೆ ಇಟ್ಟಿರುವ ಸಾಧ್ಯತೆಯೇ ಹೆಚ್ಚು.

ಪರಿಹಾರ

ಎಸ್‌ಇಲಿನಕ್ಸ್ ಅನ್ನೇ ಆರಿಸಿಬಿಡುವುದು ವ್ಯಾಪಕವಾಗಿ ಸೂಚಿಸಲ್ಪಡುವ ಉಪಾಯ. ಆದರೆ ಇದರಿಂದ ಒಂದು ಗಡಿಯಾರದ ಸಲುವಾಗಿ ಇಡೀ ಗಣಕದ ಕಾವಲು ಹೋಗುತ್ತದೆ. ಪರೀಕ್ಷೆಗಾಗಿಯಾದರೆ ಸಂಬಂಧಿಸಿದ ಗುರುತೊಂದನ್ನೇ ‘ಪರ್ಮಿಸಿವ್’ ಸ್ಥಿತಿಗೆ ತರಲು ಅವಕಾಶವಿದೆ. ಆಗ ತಡೆ ಇರುವುದಿಲ್ಲ, ದಾಖಲೆ ಮಾತ್ರ ಉಳಿಯುತ್ತದೆ. ಗುರುತು ತಪ್ಪಿದ್ದರೆ ‘ರೆಸ್ಟೋರ್‌ಕಾನ್’ ಆದೇಶ ಸಾಕು. ‘ಆಡಿಟ್2ಅಲೋ’ ಉಪಕರಣವು ನಿರಾಕರಣೆಯ ದಾಖಲೆಯಿಂದಲೇ ಹೊಸ ನಿಯಮವನ್ನು ಸಿದ್ಧಪಡಿಸುತ್ತದೆ. ಆದರೆ ಅದು ಕೇಳಿದ್ದನ್ನೆಲ್ಲ ಕೊಡುವ ಸ್ವಭಾವದ್ದು. ಗುರುತು ತಪ್ಪಿದಾಗ ಇದನ್ನು ಬಳಸಿದರೆ ‘ಡಿವೈಸ್_ಟಿ’ ಗುರುತಿನ ಇತರ ಸಾಧನಗಳಿಗೂ ಬಾಗಿಲು ತೆರೆದಂತಾಗುತ್ತದೆ.

ಹಲವು ಸಂದರ್ಭಗಳಲ್ಲಿ ಸೇವೆಗೆ ಆ ಅನುಮತಿಯ ಅಗತ್ಯವೇ ಇರುವುದಿಲ್ಲ. ವ್ಯವಸ್ಥೆಯ ಗಡಿಯಾರವು ಜಾಲದ ಸಮಯಕ್ಕೆ ಹೊಂದಿಕೊಂಡಿದೆ ಎಂದು ಸೇವೆಯು ತಿಳಿಸಿದರೆ, ಅದಕ್ಕೆ ತಕ್ಕಂತೆ ರೂಪಿಸಲಾದ ಕರ್ನೆಲ್ ತಾನಾಗಿಯೇ ಸುಮಾರು 11 ನಿಮಿಷಕ್ಕೊಮ್ಮೆ ಯಂತ್ರಾಂಶ ಗಡಿಯಾರವನ್ನು ತಿದ್ದುತ್ತದೆ. ಕ್ರೋನಿಯಲ್ಲಿ ‘ಆರ್‌ಟಿಸಿಸಿಂಕ್’ ಆಯ್ಕೆಯು ಇದನ್ನು ಜಾರಿಗೆ ತರುತ್ತದೆ. ಗಡಿಯಾರದ ಓಟದ ತಪ್ಪನ್ನು ಕ್ರೋನಿಯೇ ಅಳೆಯಬೇಕೆಂದು ‘ಆರ್‌ಟಿಸಿಫೈಲ್’ ಆಯ್ಕೆಯನ್ನು ಬಳಸಿದಾಗ ಮಾತ್ರ ಅದು ಸಾಧನ ಕಡತವನ್ನು ನೇರವಾಗಿ ತೆರೆಯಬೇಕಾಗುತ್ತದೆ.