ಹಾಸಿಗೆಯಿಂದ ಸೈಕಲ್ಲಿಗೆ: ಕ್ಯಾನ್ಸರ್ ಕೃಶತೆ ಮತ್ತು ವ್ಯಾಯಾಮ

ಕ್ಯಾನ್ಸರ್ ರೋಗಿಗಳಲ್ಲಿ ಹಲವರು ದಿನೇ ದಿನೇ ಸೊರಗುತ್ತಾರೆ. ಕೆನ್ನೆ ಗುಳಿ ಬೀಳುತ್ತದೆ, ತೋಳು ತೊಡೆಗಳ ಸ್ನಾಯು ಕರಗುತ್ತದೆ. ವೈದ್ಯರು ಇದನ್ನು 'ಕ್ಯಾಕೆಕ್ಸಿಯ' ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ 'ಕಾಕೋಸ್' ಎಂದರೆ ಕೆಟ್ಟ, 'ಹೆಕ್ಸಿಸ್' ಎಂದರೆ ಸ್ಥಿತಿ. ನಮ್ಮ 'ಕ್ಷಯ' ಪದಕ್ಕೂ ಸವೆಯುವುದು ಎಂದೇ ಅರ್ಥ. ಆದರೆ ಅದು ಟಿ.ಬಿ.ಗೆ ಮೀಸಲಾಗಿಬಿಟ್ಟಿದೆ. ಆದ್ದರಿಂದ ಇಲ್ಲಿ 'ಕೃಶತೆ' ಎನ್ನೋಣ.

ಇಂಥ ರೋಗಿಗೆ ಮನೆಯವರು ಹೇಳುವುದು ಎರಡೇ ಮಾತು: ಚೆನ್ನಾಗಿ ಊಟ ಮಾಡಿ, ಸುಮ್ಮನೆ ಮಲಗಿರಿ. ವೈದ್ಯವಿಜ್ಞಾನ ಬಹುಕಾಲ ಹೇಳುತ್ತಿದ್ದುದೂ ಇದನ್ನೇ. 1863ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಿಲ್ಟನ್ ಅವರ ಉಪನ್ಯಾಸಗಳು ಪುಸ್ತಕವಾಗಿ ಬಂದ ಮೇಲಂತೂ ವಿಶ್ರಾಂತಿಯೇ ಒಂದು ಔಷಧವೆಂಬ ನಂಬಿಕೆ ಬೇರೂರಿತು.

ಕೃಶತೆ ಎಷ್ಟು ಘೋರ ಎಂಬುದಕ್ಕೆ ಅಂಕಿಅಂಶ ದೊರೆತದ್ದು 1932ರಲ್ಲಿ. ಬಾಸ್ಟನ್ನಿನ ರೋಗವಿಜ್ಞಾನಿ ಷೀಲ್ಡ್ಸ್ ವಾರನ್ ಕ್ಯಾನ್ಸರಿನಿಂದ ಸತ್ತ 500 ಜನರ ಶವಪರೀಕ್ಷೆಯ ವಿವರಗಳನ್ನು ಪರಿಶೀಲಿಸಿದರು. ಸುಮಾರು ಶೇ. 22ರಷ್ಟು ಮಂದಿಯ ಸಾವಿಗೆ ತತ್‌ಕ್ಷಣದ ಕಾರಣ ಕೃಶತೆಯೇ ಆಗಿತ್ತು.

ಹಾಸಿಗೆಯ ಮೇಲಿನ ನಂಬಿಕೆ ಸಡಿಲವಾದದ್ದು ಕ್ಯಾನ್ಸರಿನ ಸಂಶೋಧನೆಯಿಂದಲ್ಲ ಎಂಬುದು ಗಮನಾರ್ಹ. 1947ರಲ್ಲಿ ರಿಚರ್ಡ್ ಆಷರ್ ಎಂಬ ಬ್ರಿಟಿಷ್ ವೈದ್ಯರು ಮಲಗಿಯೇ ಇರುವುದರ ಅಪಾಯಗಳನ್ನು ಕುರಿತು ಚುರುಕಾದ ಲೇಖನವೊಂದನ್ನು ಬರೆದರು. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಲಾಯಿತು. ದೇಹ ಗರಿಷ್ಠವಾಗಿ ಬಳಸಬಲ್ಲ ಆಕ್ಸಿಜನ್ನಿನ ಪ್ರಮಾಣ ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು! ಮೂವತ್ತು ವರ್ಷಗಳ ಅನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಅಷ್ಟು ವಯಸ್ಸಾಗಿದ್ದರೂ ಕುಸಿತ ಆ ಮೂರು ವಾರಗಳದ್ದಕ್ಕಿಂತ ಕಡಿಮೆಯೇ ಇತ್ತು.

ಹಾಗಾದರೆ ಸೊರಗಿದ ರೋಗಿಗೆ ಹೆಚ್ಚು ಉಣಿಸಿದರೆ ಸಾಲದೇ? ಸಾಲದು. 1985ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಬ್ರೂಸ್ ಬ್ಯೂಟ್ಲರ್ ಮತ್ತು ಆಂಟನಿ ಸೆರಾಮಿ ಕೃಶತೆಗೆ ಕಾರಣವೆಂದು ತಾವು ಹುಡುಕಿದ್ದ 'ಕ್ಯಾಕೆಕ್ಟಿನ್', ಗಡ್ಡೆಯನ್ನು ಕೊಲ್ಲುವುದೆಂದು ಹೆಸರಾಗಿದ್ದ ಟಿಎನ್ಎಫ್ ಎಂಬ ಪ್ರೋಟೀನೇ ಎಂದು ತೋರಿಸಿದರು. ಇದು ಉರಿಯೂತದ ಸಂದೇಶವಾಹಕ. ಉಪವಾಸದಲ್ಲಿ ದೇಹ ಮೊದಲು ಕೊಬ್ಬನ್ನು ಉರಿಸಿ ಸ್ನಾಯುವನ್ನು ಆದಷ್ಟು ಉಳಿಸಿಕೊಳ್ಳುತ್ತದೆ. ಕೃಶತೆಯಲ್ಲಿ ಆ ಮಿತವ್ಯಯ ತಪ್ಪುತ್ತದೆ. ಉರಿಯೂತದ ಸಂದೇಶಗಳಿಂದ ಸ್ನಾಯುಕೋಶದ ಪ್ರೋಟೀನುಗಳು ಕಟ್ಟಿದ್ದಕ್ಕಿಂತ ಬೇಗ ಒಡೆಯುತ್ತವೆ, ಹಸಿವೂ ಅಡಗುತ್ತದೆ. ಇತ್ತ ವ್ಯಾಯಾಮ, ಅದರಲ್ಲೂ ಭಾರ ಎತ್ತುವಂಥದ್ದು, ಸ್ನಾಯುವಿಗೆ 'ಕಟ್ಟು' ಎಂಬ ಆದೇಶ ಕೊಡುತ್ತದೆ. ಎರಡು ಆದೇಶಗಳಲ್ಲಿ ಗೆಲ್ಲುವುದು ಯಾವುದು ಎಂಬುದೇ ಪ್ರಶ್ನೆ.

ರೋಗಿಗಳಿಂದಲೇ ವ್ಯಾಯಾಮ ಮಾಡಿಸುವ ಧೈರ್ಯ ತೋರಿದವರಲ್ಲಿ ಮೊದಲಿಗರು ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಮೆರಿಲ್ ವಿನಿಂಗ್‌ಹ್ಯಾಮ್ ಮತ್ತು ಮೇರಿ ಮ್ಯಾಕ್‌ವಿಕಾರ್. 1980ರ ದಶಕದಲ್ಲಿ ಅವರು ಸ್ತನ ಕ್ಯಾನ್ಸರಿಗೆ ಕೀಮೋಥೆರಪಿ ಪಡೆಯುತ್ತಿದ್ದ ಮಹಿಳೆಯರಿಂದ ವಾರಕ್ಕೆ ಮೂರು ಬಾರಿಯಂತೆ ಹತ್ತು ವಾರ ನಿಂತಲ್ಲೇ ನಿಲ್ಲುವ ಸೈಕಲ್ ತುಳಿಸಿದರು. ದೇಹಶಕ್ತಿ ಹೆಚ್ಚಿತು, ವಾಕರಿಕೆಯೂ ತಗ್ಗಿತು. 1997ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಫರ್ನಾಂಡೊ ಡಿಮಿಯೊ ಇನ್ನೂ ಮುಂದೆ ಹೋದರು. ಅತಿ ಹೆಚ್ಚಿನ ಪ್ರಮಾಣದ ಕೀಮೋಥೆರಪಿ ಪಡೆದು ಆಸ್ಪತ್ರೆಯಲ್ಲಿದ್ದ ರೋಗಿಗಳು ಮಲಗಿದಲ್ಲೇ ಪೆಡಲ್ ತುಳಿದರು: ಒಂದು ನಿಮಿಷ ತುಳಿತ, ಒಂದು ನಿಮಿಷ ವಿಶ್ರಾಂತಿ, ಹೀಗೆ ದಿನಕ್ಕೆ 15 ಬಾರಿ. ತುಳಿಯದ ರೋಗಿಗಳಿಗಿಂತ ಇವರು ಕಡಿಮೆ ಶಕ್ತಿ ಕಳೆದುಕೊಂಡರು.

ಇಲ್ಲೊಂದು ಎಚ್ಚರಿಕೆ ಬೇಕು. ಇವು ಕೃಶರಾದವರನ್ನೇ ಆರಿಸಿ ನಡೆಸಿದ ಪ್ರಯೋಗಗಳಲ್ಲ. ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ತೂಕ ಏರುವವರೇ ಹಲವರು. ಅಲ್ಲಿನ ಯಶಸ್ಸನ್ನು ಸೊರಗಿದ ರೋಗಿಗೂ ಅನ್ವಯಿಸಿ ಬರೆಯುವ ಅವಸರ ಅನೇಕರಲ್ಲಿ ಕಾಣುತ್ತದೆ, ಅದು ಸರಿಯಲ್ಲ.

2011ರಲ್ಲಿ ಕೆನೆತ್ ಫಿಯರನ್ ಮತ್ತು ಸಹೋದ್ಯೋಗಿಗಳು ಕೃಶತೆಗೆ ಎಲ್ಲರೂ ಒಪ್ಪುವಂಥ ವ್ಯಾಖ್ಯೆ ಕೊಟ್ಟರು. ಆರು ತಿಂಗಳಲ್ಲಿ ಶೇ. 5ಕ್ಕಿಂತ ಹೆಚ್ಚು ತೂಕ ಇಳಿಯುವುದು ಅದರ ಮುಖ್ಯ ಗುರುತು. ಬರಿಯ ಪೋಷಣೆಯಿಂದ ಇದು ಪೂರ್ತಿ ಸರಿಹೋಗದು ಎಂಬುದೂ ವ್ಯಾಖ್ಯೆಯ ಭಾಗ. ಅದೇ ವರ್ಷ ನಾರ್ವೆಯಿಂದ 231 ಮಂದಿ ಮುಂದುವರಿದ ಹಂತದ ರೋಗಿಗಳ ಅಧ್ಯಯನ ಪ್ರಕಟವಾಯಿತು. ಎಂಟು ವಾರಗಳ ವ್ಯಾಯಾಮದಿಂದ ಅವರ ದಣಿವು ತಗ್ಗಲಿಲ್ಲ. ಆದರೆ ನಡೆಯುವ ಶಕ್ತಿ, ಕೈಹಿಡಿತದ ಬಲ ಉತ್ತಮವಾದವು. ವ್ಯಾಯಾಮದ ಗುಂಪಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಕೊನೆಯವರೆಗೆ ಉಳಿಯಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

2014ರಲ್ಲಿ ಕಾಕ್ರೇನ್ ಸಂಸ್ಥೆಯ ಪರಾಮರ್ಶಕರು ಕೃಶತೆಯಲ್ಲಿ ವ್ಯಾಯಾಮದ ಪ್ರಯೋಗಗಳನ್ನು ಹುಡುಕಿದಾಗ ಅರ್ಹವಾದದ್ದು ಒಂದೂ ಸಿಗಲಿಲ್ಲ. 2021ರಲ್ಲಿ ಸಿಕ್ಕಿದ್ದು ನಾಲ್ಕು. ಒಟ್ಟು 178 ರೋಗಿಗಳು. ಖಚಿತ ತೀರ್ಮಾನಕ್ಕೆ ಅದೂ ಸಾಲಲಿಲ್ಲ.

ಹೀಗಾಗಿ ಸಂಶೋಧಕರು ವ್ಯಾಯಾಮವೊಂದನ್ನೇ ನೆಚ್ಚದೆ, ಅದಕ್ಕೆ ಪೋಷಣೆಯನ್ನೂ ಉರಿಯೂತ ತಗ್ಗಿಸುವ ಔಷಧವನ್ನೂ ಜೋಡಿಸಿದರು. 'ಮೆನಾಕ್' ಎಂಬ ಈ ಪ್ರಯೋಗದಲ್ಲಿ ಶ್ವಾಸಕೋಶ ಅಥವಾ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿದ್ದ 212 ರೋಗಿಗಳಿದ್ದರು. 2024ರಲ್ಲಿ ಫಲಿತಾಂಶ ಹೊರಬಂತು. ಮೂರನ್ನೂ ಪಡೆದವರ ತೂಕ ಇಳಿಯದೆ ನಿಂತಿತು, ಉಳಿದವರದು ಇಳಿಯಿತು. ಆದರೆ ಸ್ನಾಯುವಿನ ಅಳತೆಯಲ್ಲಾಗಲಿ, ದಿನಕ್ಕೆ ನಡೆದ ಹೆಜ್ಜೆಗಳಲ್ಲಾಗಲಿ ಎರಡು ಗುಂಪುಗಳ ನಡುವೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ.