ಕೊರಿಯಾ ಯುದ್ಧ: ಅಮೆರಿಕದ ಸಂಧಾನ, ಕೈದಿಗಳ ಪ್ರಶ್ನೆ ಮತ್ತು ಜನರಲ್ ತಿಮ್ಮಯ್ಯ

ಕೊರಿಯಾ ಯುದ್ಧವು 1950ರ ಜೂನ್ 25ರಂದು ಆರಂಭವಾಗಿ 1953ರ ಜುಲೈ 27ರಂದು ನಿಂತಿತು. ನಿಂತಿತು ಎಂದೆವೇ ಹೊರತು ಮುಗಿಯಿತು ಎನ್ನಲಿಲ್ಲ. ಅಂದು ಸಹಿಯಾದದ್ದು ಕದನವಿರಾಮದ ಒಪ್ಪಂದ ಮಾತ್ರ. ಶಾಂತಿ ಒಪ್ಪಂದವು ಇಂದಿಗೂ ಆಗಿಲ್ಲ. ಆ ಕದನವಿರಾಮಕ್ಕಾದರೂ ಎರಡು ವರ್ಷಗಳ ಮಾತುಕತೆ ಬೇಕಾಯಿತು. ಅಮೆರಿಕದಂತಹ ಮಹಾಶಕ್ತಿಗೆ ಯುದ್ಧವನ್ನು ನಿಲ್ಲಿಸುವ ಮನಸ್ಸಿದ್ದೂ ಅಷ್ಟು ಕಾಲ ಹಿಡಿದದ್ದೇಕೆ, ಕೊನೆಗೆ ಗಂಟು ಸಡಿಲಿದ್ದು ಹೇಗೆ ಎಂಬುದನ್ನು ಇಲ್ಲಿ ಪರಿಶೀಲಿಸೋಣ. ಈ ಕಥೆಯ ಕೊನೆಯ ಭಾಗದಲ್ಲಿ ಕೊಡಗಿನ ಜನರಲ್ ಕೊಡಂದೇರ ಸುಬಯ್ಯ ತಿಮ್ಮಯ್ಯನವರು ಬರುತ್ತಾರೆ. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದವರೆಂದು ಅವರನ್ನು ಎಲ್ಲರೂ ಬಲ್ಲರು. ಕೊರಿಯಾದಲ್ಲಿ ಅವರು ಹೊತ್ತ ಹೊಣೆಯನ್ನು ಬಲ್ಲವರು ಕಡಿಮೆ.

ಎರಡನೆಯ ಮಹಾಯುದ್ಧದ ಅಂತ್ಯದಲ್ಲಿ, 1945ರ ಆಗಸ್ಟ್ ತಿಂಗಳಲ್ಲಿ, ಜಪಾನಿನ ವಶದಲ್ಲಿದ್ದ ಕೊರಿಯಾವನ್ನು 38ನೆಯ ಅಕ್ಷಾಂಶದಲ್ಲಿ ಇಬ್ಭಾಗ ಮಾಡಲಾಯಿತು. ಉತ್ತರದಲ್ಲಿ ಸೋವಿಯೆತ್ ಸೇನೆ, ದಕ್ಷಿಣದಲ್ಲಿ ಅಮೆರಿಕದ ಸೇನೆ. ತಾತ್ಕಾಲಿಕವೆಂದು ಎಳೆದ ಆ ಗೆರೆಯ ಎರಡೂ ಬದಿಗಳಲ್ಲಿ 1948ರ ಹೊತ್ತಿಗೆ ಎರಡು ಸರ್ಕಾರಗಳು ತಲೆಯೆತ್ತಿದವು. 1950ರಲ್ಲಿ ಉತ್ತರದ ಸೇನೆ ಗೆರೆ ದಾಟಿತು. ವಿಶ್ವಸಂಸ್ಥೆಯ ಧ್ವಜದಡಿ ಅಮೆರಿಕ ರಣರಂಗಕ್ಕಿಳಿಯಿತು. ಸೆಪ್ಟೆಂಬರ್‌ನಲ್ಲಿ ಜನರಲ್ ಮೆಕಾರ್ಥರ್ ಇಂಚಾನ್ ಬಂದರಿನಲ್ಲಿ ಸೇನೆಯನ್ನಿಳಿಸಿ ಯುದ್ಧದ ದಿಕ್ಕನ್ನೇ ಬದಲಿಸಿದರು.

ಯುದ್ಧವನ್ನು ಅಲ್ಲಿಗೇ ನಿಲ್ಲಿಸಬಹುದಾಗಿದ್ದ ಒಂದು ಗಳಿಗೆ ಅದಾಗಿತ್ತೆಂದು ನಮಗೆ ತೋರುತ್ತದೆ. ಅಕ್ಟೋಬರ್ ಆರಂಭದ ಒಂದು ನಡುರಾತ್ರಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಅವರು ಬೀಜಿಂಗ್‌ನಲ್ಲಿದ್ದ ಭಾರತದ ರಾಯಭಾರಿ ಕೆ. ಎಂ. ಪಣಿಕ್ಕರ್ ಅವರನ್ನು ಕರೆಸಿ, ಅಮೆರಿಕದ ಸೇನೆ 38ನೆಯ ಅಕ್ಷಾಂಶ ದಾಟಿದರೆ ಚೀನಾ ಸುಮ್ಮನಿರದು ಎಂದು ತಿಳಿಸಿದರು. ದೆಹಲಿಯ ಮೂಲಕ ಈ ಎಚ್ಚರಿಕೆ ವಾಷಿಂಗ್ಟನ್ ತಲುಪಿತು. ಪಣಿಕ್ಕರ್ ಅವರನ್ನು ಚೀನಾದ ಪಕ್ಷಪಾತಿಯೆಂದು ಎಣಿಸಿದ್ದ ಅಮೆರಿಕ ಅದನ್ನು ಬರಿಯ ಬೆದರಿಕೆಯೆಂದು ಬದಿಗಿರಿಸಿತು. ಸೇನೆ ಗೆರೆ ದಾಟಿತು. ಚೀನಾದ ಲಕ್ಷಾಂತರ ಸೈನಿಕರು ಯಾಲು ನದಿಯನ್ನು ದಾಟಿ ಬಂದರು. ತಂದವನ ಮೇಲಿನ ಸಂಶಯದಿಂದ ಸುದ್ದಿಯನ್ನೇ ತಳ್ಳಿಹಾಕಿದ್ದಕ್ಕೆ ತೆತ್ತ ಬೆಲೆ ಅಲ್ಪವಲ್ಲ.

1951ರ ವಸಂತದ ವೇಳೆಗೆ ರಣರಂಗವು ಸುತ್ತಿ ಸುಳಿದು ಹಳೆಯ ಗೆರೆಯ ಆಸುಪಾಸಿಗೇ ಬಂದು ನಿಂತಿತ್ತು. ಯುದ್ಧವನ್ನು ಚೀನಾಕ್ಕೂ ವಿಸ್ತರಿಸಬೇಕೆಂದು ಬಹಿರಂಗವಾಗಿ ವಾದಿಸುತ್ತಿದ್ದ ಮೆಕಾರ್ಥರ್ ಅವರನ್ನು ಅಧ್ಯಕ್ಷ ಟ್ರೂಮನ್ ಏಪ್ರಿಲ್ 11ರಂದು ಪದಚ್ಯುತಗೊಳಿಸಿದರು. ಅನಂತರ ರಷ್ಯಾ ತಜ್ಞ ಜಾರ್ಜ್ ಕೆನ್ನನ್ ಅವರು ವಿಶ್ವಸಂಸ್ಥೆಯ ಸೋವಿಯೆತ್ ಪ್ರತಿನಿಧಿ ಯಾಕೊಬ್ ಮಲಿಕ್ ಅವರನ್ನು ಗುಟ್ಟಾಗಿ ಕಂಡು ಮಾತನಾಡಿದರು. ಜೂನ್ 23ರಂದು ಮಲಿಕ್ ರೇಡಿಯೋ ಭಾಷಣದಲ್ಲಿ ಕದನವಿರಾಮದ ಸೂಚನೆ ಮಾಡಿದರು. ಜುಲೈ 10ರಂದು ಕೇಸಾಂಗ್‌ನಲ್ಲಿ ಮಾತುಕತೆ ಆರಂಭವಾಗಿ, ಅಕ್ಟೋಬರ್‌ನಲ್ಲಿ ಪಾನ್‌ಮುಂಜೊಮ್ ಎಂಬ ಸಣ್ಣ ಹಳ್ಳಿಗೆ ಸ್ಥಳಾಂತರಗೊಂಡಿತು. ಅಮೆರಿಕದ ಪರವಾಗಿ ಅಡ್ಮಿರಲ್ ಟರ್ನರ್ ಜಾಯ್, ಎದುರಿಗೆ ಉತ್ತರ ಕೊರಿಯಾದ ಜನರಲ್ ನಾಮ್ ಇಲ್. ಮೇಜಿನ ಮೇಲಿಟ್ಟ ಧ್ವಜಗಳ ಎತ್ತರದ ವಿಷಯದಲ್ಲಿಯೂ ಇಬ್ಬರ ನಡುವೆ ಪೈಪೋಟಿ ನಡೆಯಿತೆಂದರೆ ಉಳಿದುದನ್ನು ಓದುಗರೇ ಊಹಿಸಬಹುದು.

ಆದರೂ ಗಡಿರೇಖೆಯ ವಿಷಯ ನವೆಂಬರ್ ಅಂತ್ಯಕ್ಕೆ ಬಹುಮಟ್ಟಿಗೆ ಇತ್ಯರ್ಥವಾಯಿತು. ಅಡ್ಡಿಯಾಗಿ ಉಳಿದದ್ದು ನೆಲವಲ್ಲ, ಮನುಷ್ಯರು. 1949ರ ಜಿನೀವಾ ಒಡಂಬಡಿಕೆಯ 118ನೆಯ ವಿಧಿಯಂತೆ ಕದನ ನಿಂತೊಡನೆ ಯುದ್ಧಕೈದಿಗಳನ್ನು ವಿಳಂಬವಿಲ್ಲದೆ ಸ್ವದೇಶಕ್ಕೆ ಕಳುಹಿಸಬೇಕು. ಚೀನಾ ಮತ್ತು ಉತ್ತರ ಕೊರಿಯಾ ಕೇಳಿದ್ದು ಅದನ್ನೇ. ಆದರೆ ಕೈದಿಗಳಲ್ಲಿ ಹಲವರು ಹಿಂದೆ ಚಿಯಾಂಗ್ ಕೈ ಶೇಕ್ ಅವರ ಸೇನೆಯಲ್ಲಿದ್ದು ಅನಂತರ ಕಮ್ಯುನಿಸ್ಟ್ ಸೇನೆಗೆ ಸೇರಿಸಲ್ಪಟ್ಟವರು. ಕೆಲವರು ದಕ್ಷಿಣ ಕೊರಿಯಾದವರೇ ಆಗಿದ್ದು ಬಲವಂತದಿಂದ ಉತ್ತರದ ಸೇನೆಗೆ ಸೇರಿಸಲ್ಪಟ್ಟವರು. ಎರಡನೆಯ ಮಹಾಯುದ್ಧದ ನಂತರ ಸೋವಿಯೆತ್ ಕೈದಿಗಳನ್ನು ಬಲವಂತವಾಗಿ ಸ್ಟಾಲಿನ್ ಕೈಗೊಪ್ಪಿಸಿದ ನೆನಪು ಇನ್ನೂ ಹಸಿಯಾಗಿತ್ತು. ಇಷ್ಟವಿಲ್ಲದವರನ್ನು ಕಳುಹಿಸಲಾಗದು ಎಂದು ಟ್ರೂಮನ್ ಹಟ ಹಿಡಿದರು.

ಈ ನಿಲುವಿನಲ್ಲಿ ಧರ್ಮವೂ ಇತ್ತು, ಪ್ರಚಾರದ ಲೆಕ್ಕಾಚಾರವೂ ಇತ್ತು. ಹಾಗೆಯೇ, ಕೈದಿಗಳ ಶಿಬಿರಗಳಲ್ಲಿ ‘ಇಷ್ಟ’ ಎಂಬುದನ್ನು ತಿಳಿಯುವುದು ಸುಲಭವಾಗಿರಲಿಲ್ಲ. ಒಳಗೇ ಎರಡು ಪಂಗಡಗಳಾಗಿ, ಪರಸ್ಪರ ಹೊಡೆದಾಟ, ಕೊಲೆ, ಮೈಮೇಲೆ ಬಲವಂತದ ಹಚ್ಚೆ ಎಲ್ಲವೂ ನಡೆದಿದ್ದವು. ಕೋಜೆ ದ್ವೀಪದ ಶಿಬಿರದಲ್ಲಿ 1952ರ ಮೇ 7ರಂದು ಕೈದಿಗಳು ಅಮೆರಿಕದ ಶಿಬಿರಾಧಿಕಾರಿಯನ್ನೇ ಸೆರೆಹಿಡಿದು ಮೂರು ದಿನ ಇರಿಸಿಕೊಂಡರು. ಮಾತುಕತೆ ಅಕ್ಟೋಬರ್ 8ರಂದು ಅನಿರ್ದಿಷ್ಟ ಕಾಲಕ್ಕೆ ಮುಂದೂಡಲ್ಪಟ್ಟಿತು. ಇತ್ತ ಗುಡ್ಡಗಳ ಮೇಲೆ ಸೈನಿಕರು ಸಾಯುತ್ತಲೇ ಇದ್ದರು. ಅಮೆರಿಕದ ಒಟ್ಟು ಸಾವುನೋವಿನಲ್ಲಿ ಅರ್ಧಕ್ಕೆ ಸಮೀಪದ ಪಾಲು ಮಾತುಕತೆ ಆರಂಭವಾದ ಮೇಲೆ ಸಂಭವಿಸಿದ್ದು. ಸಾವಿರಾರು ಕೈದಿಗಳ ಆಯ್ಕೆಯ ಹಕ್ಕಿಗಾಗಿ ಸಾವಿರಾರು ಸೈನಿಕರು ಪ್ರಾಣ ತೆರಬೇಕೇ ಎಂಬ ಪ್ರಶ್ನೆಗೆ ನಮ್ಮಲ್ಲಿಯೂ ಸರಳವಾದ ಉತ್ತರವಿಲ್ಲ.

ಬ್ಯಾಂಕಿನ ಲೆಕ್ಕಪತ್ರ ಬಲ್ಲವರಿಗೆ ಸಸ್ಪೆನ್ಸ್ ಖಾತೆಯ ವಿಷಯ ಗೊತ್ತು. ಯಾರದೆಂದು ಒಡನೆ ತೀರ್ಮಾನವಾಗದ ಮೊತ್ತವನ್ನು ಅಲ್ಲಿ ಹಾಕಿ, ಅಂದಿನ ಲೆಕ್ಕವನ್ನು ಅಂದೇ ಮುಗಿಸುತ್ತೇವೆ. 1952ರ ನವೆಂಬರ್‌ನಲ್ಲಿ ವಿ. ಕೆ. ಕೃಷ್ಣ ಮೆನನ್ ವಿಶ್ವಸಂಸ್ಥೆಯಲ್ಲಿ ಮಂಡಿಸಿದ ಭಾರತದ ನಿರ್ಣಯ ಹೆಚ್ಚುಕಡಿಮೆ ಅಂತಹುದೇ. ಮರಳಲು ಒಪ್ಪುವವರನ್ನು ಕಳುಹಿಸಿಬಿಡುವುದು. ಒಪ್ಪದವರನ್ನು ತಟಸ್ಥ ರಾಷ್ಟ್ರಗಳ ಆಯೋಗದ ವಶಕ್ಕೆ ಕೊಡುವುದು. ಯಾರ ಮೇಲೂ ಬಲಪ್ರಯೋಗ ಕೂಡದು. ಅಮೆರಿಕ ಮೊದಲು ಅನುಮಾನಿಸಿತು. ಸೋವಿಯೆತ್ ಪ್ರತಿನಿಧಿ ವಿಶಿನ್ಸ್ಕಿ ಅದನ್ನು ಕಟುವಾಗಿ ಖಂಡಿಸಿದ ಮೇಲೆ ಅಮೆರಿಕ ಬೆಂಬಲಕ್ಕೆ ಬಂದಿತು! ಡಿಸೆಂಬರ್ 3ರಂದು 54 ಮತಗಳಿಂದ ನಿರ್ಣಯ ಅಂಗೀಕಾರವಾಯಿತು. ವಿರುದ್ಧ ಬಿದ್ದದ್ದು 5 ಮಾತ್ರ. ಚೀನಾ ಅಂದು ಒಪ್ಪಲಿಲ್ಲ.

1953ರ ಮಾರ್ಚ್ 5ರಂದು ಸ್ಟಾಲಿನ್ ತೀರಿಕೊಂಡರು. ಅದೇ ತಿಂಗಳ 30ರಂದು ಚೌ ಎನ್‌ಲಾಯ್, ಮರಳಲೊಪ್ಪದ ಕೈದಿಗಳನ್ನು ತಟಸ್ಥ ರಾಷ್ಟ್ರವೊಂದಕ್ಕೆ ಒಪ್ಪಿಸಬಹುದೆಂದು ಸಾರಿದರು. ಅಮೆರಿಕದ ಹೊಸ ಅಧ್ಯಕ್ಷ ಐಸೆನ್‌ಹೋವರ್ ಅವರ ವಿದೇಶಾಂಗ ಕಾರ್ಯದರ್ಶಿ ಡಲೆಸ್ ಮೇ ತಿಂಗಳಲ್ಲಿ ದೆಹಲಿಗೆ ಬಂದು, ಸಂಧಾನ ಮುರಿದರೆ ಯುದ್ಧ ತೀವ್ರವಾದೀತೆಂದು ನೆಹರೂ ಅವರಲ್ಲಿ ಹೇಳಿದರು. ಈ ಬೆದರಿಕೆಯಿಂದಲೇ ಚೀನಾ ಮಣಿಯಿತೆಂದು ಅಮೆರಿಕದವರು ಅನಂತರ ಹೇಳಿಕೊಂಡರು. ತಾವು ಅಂತಹ ಸಂದೇಶವನ್ನು ಚೀನಾಕ್ಕೆ ಮುಟ್ಟಿಸಲಿಲ್ಲವೆಂದು ನೆಹರೂ ಹೇಳಿದ್ದಾರೆ. ಚೌ ಅವರ ಪ್ರಕಟಣೆಯು ಡಲೆಸ್ ಭೇಟಿಗಿಂತ ಏಳೆಂಟು ವಾರ ಮುಂಚಿನದು ಎಂಬುದನ್ನು ಗಮನಿಸಿದರೆ, ಸ್ಟಾಲಿನ್ ಮರಣವೂ ಯುದ್ಧದ ಬಳಲಿಕೆಯೂ ಹೆಚ್ಚು ಕೆಲಸ ಮಾಡಿದವೆಂದೇ ನಮ್ಮ ಅಭಿಪ್ರಾಯ.

ಜೂನ್ 8ರಂದು ಕೈದಿಗಳ ಕುರಿತು ಒಪ್ಪಂದವಾಯಿತು. ಹತ್ತೇ ದಿನದಲ್ಲಿ ಅಮೆರಿಕಕ್ಕೆ ಪೆಟ್ಟು ಬಿದ್ದದ್ದು ಶತ್ರುವಿನಿಂದಲ್ಲ, ಮಿತ್ರನಿಂದ. ಕೊರಿಯಾ ಒಂದಾಗದೆ ಯುದ್ಧ ನಿಲ್ಲಕೂಡದೆನ್ನುತ್ತಿದ್ದ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ, ಸುಮಾರು 27,000 ಕೈದಿಗಳನ್ನು ತಾವೇ ಬಿಡುಗಡೆ ಮಾಡಿಸಿಬಿಟ್ಟರು. ರಕ್ಷಣಾ ಒಪ್ಪಂದದ ಭರವಸೆ ಕೊಟ್ಟು ವಾಷಿಂಗ್ಟನ್ ಅವರನ್ನು ಸಮಾಧಾನಪಡಿಸಬೇಕಾಯಿತು. ಜುಲೈ 27ರ ಬೆಳಿಗ್ಗೆ ಎರಡೂ ಪಕ್ಷದ ಪ್ರತಿನಿಧಿಗಳು ಪಾನ್‌ಮುಂಜೊಮ್‌ನಲ್ಲಿ ಪರಸ್ಪರ ಒಂದು ಮಾತನ್ನೂ ಆಡದೆ ಸಹಿ ಮಾಡಿ ಎದ್ದುಹೋದರು. ದಕ್ಷಿಣ ಕೊರಿಯಾ ಸಹಿ ಹಾಕಲೇ ಇಲ್ಲ.

ಮರಳಲೊಪ್ಪಿದ 75,823 ಮಂದಿ ಉತ್ತರಕ್ಕೂ 12,773 ಮಂದಿ ದಕ್ಷಿಣಕ್ಕೂ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಹಸ್ತಾಂತರಗೊಂಡರು. ಒಪ್ಪದೆ ಉಳಿದವರು 22,600ಕ್ಕೂ ಹೆಚ್ಚು. ಅವರಲ್ಲಿ 14,000ಕ್ಕೂ ಹೆಚ್ಚು ಮಂದಿ ಚೀನೀಯರು. ಇನ್ನೊಂದು ಬದಿಯಲ್ಲಿ 359 ಮಂದಿ. ಇವರೆಲ್ಲರ ಭಾರ ಭಾರತ, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್ ಮತ್ತು ಝೆಕೊಸ್ಲೊವಾಕಿಯಾಗಳ ಆಯೋಗದ ಮೇಲೆ ಬಿತ್ತು. ತಿಮ್ಮಯ್ಯನವರೇ ಅಧ್ಯಕ್ಷರು; ಕಾವಲು ಪಡೆಗೆ ಮೇಜರ್ ಜನರಲ್ ಎಸ್. ಪಿ. ಪಿ. ಥೋರಟ್ ನಾಯಕರು. ಭಾರತೀಯ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಕೂಡದೆಂದು ರೀ ಪಟ್ಟುಹಿಡಿದುದರಿಂದ, ಹಡಗಿನಿಂದ ಹೆಲಿಕಾಪ್ಟರುಗಳಲ್ಲಿ ನೇರವಾಗಿ ಸೇನಾರಹಿತ ವಲಯಕ್ಕೆ ಅವರನ್ನು ಸಾಗಿಸಬೇಕಾಯಿತು. ಅಲ್ಲಿ ಅವರು ಕಟ್ಟಿಕೊಂಡ ಬಿಡಾರದ ಹೆಸರು ‘ಹಿಂದ್ ನಗರ’.

ಕೈದಿಗಳಿಗೆ ಅವರವರ ದೇಶದವರು ಬಂದು ತಿಳಿಹೇಳಲು 90 ದಿನಗಳ ಅವಧಿ ಗೊತ್ತಾಗಿತ್ತು. ಬಹಳಷ್ಟು ಕೈದಿಗಳು ಕೇಳಲು ಹೊರಗೆ ಬರಲೇ ಒಪ್ಪಲಿಲ್ಲ. ಆಯೋಗದಲ್ಲಿ ಇಬ್ಬರು ಒಂದು ಕಡೆ ವಾಲಿದರೆ ಇನ್ನಿಬ್ಬರು ಮತ್ತೊಂದು ಕಡೆ. ತೀರ್ಪಿನ ಹೊಣೆ ತಿಮ್ಮಯ್ಯನವರ ತಲೆಗೆ. ಬಲಪ್ರಯೋಗವಿಲ್ಲವೆಂಬ ಮಾತಿಗೆ ಅವರು ಅಂಟಿಕೊಂಡರು. ಕೈದಿಗಳ ಭವಿಷ್ಯವನ್ನು ತೀರ್ಮಾನಿಸಬೇಕಿದ್ದ ರಾಜಕೀಯ ಸಮ್ಮೇಳನ ಸೇರಲೇ ಇಲ್ಲ. ತಾನಾಗಿ ಬಿಡುಗಡೆ ಮಾಡುವ ಅಧಿಕಾರ ತಮಗಿಲ್ಲವೆಂದು, 1954ರ ಜನವರಿ 20ರಿಂದ ಅವರು ಕೈದಿಗಳನ್ನು ಹಿಂದೆ ಯಾರ ವಶದಲ್ಲಿದ್ದರೋ ಅವರಿಗೇ ಮರಳಿಸಿದರು. ಈ ನಡೆಯನ್ನು ಕಮ್ಯುನಿಸ್ಟ್ ಪಕ್ಷ ಪ್ರತಿಭಟಿಸಿತು. ಅಮೆರಿಕದ ಪಕ್ಷವೂ ಸಂತೋಷಪಡಲಿಲ್ಲ. ಚೀನೀಯರಲ್ಲಿ ಬಹುತೇಕರು ತೈವಾನಿಗೆ ಹೋದರು. ಅಮೆರಿಕದ 21 ಸೈನಿಕರು ಚೀನಾದ ಕಡೆಗೇ ಉಳಿದರು. ಎರಡೂ ಕೊರಿಯಾ ಬೇಡ, ಎರಡೂ ಚೀನಾ ಬೇಡವೆಂದ ಎಂಬತ್ತಕ್ಕೂ ಹೆಚ್ಚು ಮಂದಿ ಭಾರತೀಯ ಪಡೆಯೊಂದಿಗೆ ನಮ್ಮ ದೇಶಕ್ಕೆ ಬಂದರು.

ಇಷ್ಟಾದರೂ ಭಾರತಕ್ಕೆ ಆ ರಾಜಕೀಯ ಸಮ್ಮೇಳನದಲ್ಲಿ ಆಸನ ಸಿಗಲಿಲ್ಲ. 1953ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಸಮಿತಿಯಲ್ಲಿ 27 ಮತಗಳು ಪರವಾಗಿ, 21 ವಿರುದ್ಧವಾಗಿ ಬಿದ್ದವು. ಮೂರನೆಯ ಎರಡರಷ್ಟು ಬಹುಮತ ದೊರೆಯದೆಂದು ಭಾರತ ಹಿಂದೆ ಸರಿಯಿತು. ರೀ ಅವರ ಮುನಿಸಿಗೆ ಅಂಜಿದ ಅಮೆರಿಕವೇ ವಿರೋಧದ ಮುಂಚೂಣಿಯಲ್ಲಿತ್ತು. 1954ರ ಏಪ್ರಿಲ್‌ನಿಂದ ಜೂನ್‌ವರೆಗೆ ಜಿನೀವಾದಲ್ಲಿ ಕೊರಿಯಾ ಕುರಿತು ನಡೆದ ಸಮ್ಮೇಳನ ಯಾವ ಒಪ್ಪಂದವೂ ಇಲ್ಲದೆ ಚದುರಿತು.

ಅನಂತರದ ಪ್ರಯತ್ನಗಳೂ ದಡ ಸೇರಿಲ್ಲ. 2018ರ ಏಪ್ರಿಲ್ 27ರಂದು ಎರಡೂ ಕೊರಿಯಾಗಳ ನಾಯಕರು ಅದೇ ಪಾನ್‌ಮುಂಜೊಮ್‌ನಲ್ಲಿ ಕೈಕುಲುಕಿ, ಯುದ್ಧವನ್ನು ವಿಧಿವತ್ತಾಗಿ ಮುಗಿಸುವ ಸಂಕಲ್ಪ ಪ್ರಕಟಿಸಿದರು. ಅಮೆರಿಕದ ಅಧ್ಯಕ್ಷ ಟ್ರಂಪ್ ಮತ್ತು ಕಿಮ್ ಜಾಂಗ್ ಉನ್ ಅದೇ ವರ್ಷ ಸಿಂಗಪುರದಲ್ಲಿ ಭೇಟಿಯಾದರು. 2019ರ ಫೆಬ್ರವರಿಯಲ್ಲಿ ಹನೋಯ್‌ನಲ್ಲಿ ಮಾತುಕತೆ ಮುರಿದುಬಿತ್ತು. 2024ರ ಆರಂಭದಲ್ಲಿ ಕಿಮ್ ಅವರು ಏಕೀಕರಣದ ಗುರಿಯನ್ನೇ ಕೈಬಿಟ್ಟಿರುವುದಾಗಿ ಸಾರಿದರು.

ತಿಮ್ಮಯ್ಯನವರು ಮುಂದೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿ, 1965ರ ಡಿಸೆಂಬರ್‌ನಲ್ಲಿ ಅಲ್ಲಿಯೇ ನಿಧನರಾದರು. ಕೊರಿಯಾದ ಅನುಭವವನ್ನು ಕುರಿತು ಅವರು ಬರೆದಿಟ್ಟ ಪುಸ್ತಕ ಪ್ರಕಟವಾದದ್ದು ಅವರು ಹೋದ ಎಷ್ಟೋ ವರ್ಷಗಳ ನಂತರ. ಮಡಿಕೇರಿಯಲ್ಲಿ ಅವರು ಬಾಳಿದ ‘ಸನ್ನಿ ಸೈಡ್’ ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದಿದೆ. ರಜೆಯಲ್ಲಿ ಕೊಡಗಿಗೆ ಹೋಗುವ ನಮ್ಮ ಸಂಘದ ಕುಟುಂಬಗಳು ತಲಕಾವೇರಿ, ಅಬ್ಬಿ ಜಲಪಾತಗಳ ಜೊತೆಗೆ ಅಲ್ಲಿಗೂ ಒಂದು ಗಂಟೆ ಬಿಡುವು ಮಾಡಿಕೊಳ್ಳಬಹುದು.