ಅನುಮತಿ ಎಂಬ ಕತ್ತರಿ: 1908ರ ಮೈಸೂರು ಪತ್ರಿಕಾ ಕಾನೂನು

‘ಸೆನ್ಸಾರ್’ ಎಂಬುದು ಮೂಲತಃ ಪ್ರಾಚೀನ ರೋಮಿನ ಒಬ್ಬ ಅಧಿಕಾರಿಯ ಪದವಿ. ಖಾನೇಷುಮಾರಿ ಬರೆಸುವುದೂ ಪೌರರ ನಡತೆಯನ್ನು ವಿಚಾರಿಸುವುದೂ ಅವನ ಕೆಲಸವಾಗಿತ್ತು. ಅಚ್ಚುಕೂಟ ಬಂದ ಮೇಲೆ ಆ ಹೆಸರು, ಅಚ್ಚಿಗೆ ಮೊದಲು ಹಸ್ತಪ್ರತಿಯನ್ನು ಓದಿ ಒಪ್ಪಿಗೆ ಕೊಡುವವನಿಗೆ ಸಂದಿತು. ಇದರಲ್ಲಿ ಸಭೆಯ ಪಾಲು ಚಿಕ್ಕದಲ್ಲ. ರೋಮನ್ ಕಥೋಲಿಕ ಸಭೆಯು 1559ರಲ್ಲಿ ಹೊರಡಿಸಿದ ನಿಷಿದ್ಧ ಗ್ರಂಥಗಳ ಪಟ್ಟಿ ಪರಿಷ್ಕಾರಗೊಳ್ಳುತ್ತ 1966ರವರೆಗೆ ಉಳಿಯಿತು. ಪ್ರೊಟೆಸ್ಟೆಂಟರು ಬೀಗಬೇಕಾಗಿಲ್ಲ, 1644ರಲ್ಲಿ ಮಿಲ್ಟನ್ ಕವಿ ವಾದ ಹೂಡಿದ್ದು ಪ್ಯೂರಿಟನ್ ಪಾರ್ಲಿಮೆಂಟಿನ ಪರವಾನಗಿ ಆಜ್ಞೆಯ ವಿರುದ್ಧವೇ.

ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಜಾರಿಗೆ ಬಂದ ಪತ್ರಿಕಾ ಕಾನೂನು ಈ ಕಟ್ಟುನಿಟ್ಟಾದ ಅರ್ಥದಲ್ಲಿ ಸೆನ್ಸಾರ್ ಅಲ್ಲ. ಪತ್ರಿಕೆ ನಡೆಸಲು ಸರಕಾರದ ಅನುಮತಿ ಬೇಕು, ಕೊಟ್ಟ ಅನುಮತಿಯನ್ನು ಸರಕಾರ ಹಿಂದಕ್ಕೆ ಪಡೆಯಬಹುದು, ಇಷ್ಟೇ. ಆದರೆ ಹೀಗಾದಾಗ ಅಧಿಕಾರಿ ಓದಬೇಕಾದ ಅಗತ್ಯವೇ ಇಲ್ಲ. ಸಂಪಾದಕನೇ ತನ್ನ ವಾಕ್ಯವನ್ನು ಎರಡು ಸಲ ಓದಿ, ಒಂದು ಸಲ ಹೊಡೆದುಹಾಕುತ್ತಾನೆ. ‘ತಾತಯ್ಯ’ ಎಂದೇ ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು ಆ ಕತ್ತರಿಯನ್ನು ಹಿಡಿಯಲೊಪ್ಪದೆ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು.

ರಾಜಧಾನಿಯಿಂದ ದೂರದ ಓದುಗನಿಗೆ ಇದು ಹೇಗೆ ಕಂಡಿರಬೇಕು? ಶಿರಾದಲ್ಲಾಗಲಿ ಕೊರಟಗೆರೆಯಲ್ಲಾಗಲಿ, ಅಂದು ಮದ್ದಗಿರಿ ಎನಿಸಿದ್ದ ಮಧುಗಿರಿಯಲ್ಲಾಗಲಿ ಅವನ ಕಣ್ಣಿಗೆ ಕಪ್ಪು ಬಳಿದ ಸಾಲುಗಳು ಬೀಳುವಂತಿರಲಿಲ್ಲ. ಟಪಾಲಿನಲ್ಲಿ ಬರುವುದು ಬರಲಿಲ್ಲ, ಅಷ್ಟೆ. ಪಾವಗಡದವನು ಗಡಿ ದಾಟಿದರೆ ಮದರಾಸು ಪ್ರಾಂತ. ಅಲ್ಲಿಯೂ 1910ರ ಬ್ರಿಟಿಷ್ ಪತ್ರಿಕಾ ಕಾಯ್ದೆ ಠೇವಣಿ ಕೇಳುವ, ಅದನ್ನು ಮುಟ್ಟುಗೋಲು ಹಾಕಿಕೊಳ್ಳುವ ಬೇರೊಂದು ದಾರಿಯನ್ನು ಹಿಡಿಯಿತು.

ವೆಸ್ಲಿಯನ್ ಮಿಷನ್ನಿನವರು ಮೈಸೂರಿನಲ್ಲಿ 1887ರಿಂದ ನಡೆಸುತ್ತಿದ್ದ ‘ವೃತ್ತಾಂತ ಪತ್ರಿಕೆ’ ಮಾತ್ರ ನಿಲ್ಲದೆ ಮುಂದೆಯೂ ನಡೆಯಿತು. ಇದನ್ನು ಅಪರಾಧವೆನ್ನಲಾರೆ, ಸಾಮಾನ್ಯ ಜನರಿಗೆ ತಿಳಿಗನ್ನಡದಲ್ಲಿ ಸುದ್ದಿ ಮುಟ್ಟಿಸುವುದೂ ಸೇವೆಯೇ. ಆದರೂ ನೆರೆಯವನ ಅಚ್ಚುಮೊಳೆ ಸುಮ್ಮನಾದಾಗ ಅನುಮತಿಯುಳ್ಳವನ ಮಾತಿನ ತೂಕ ಮೊದಲಿನಂತಿರುವುದಿಲ್ಲ. ಅರಸ ಯೆಹೋಯಾಕೀಮನು ಯೆರೆಮೀಯನ ಸುರುಳಿಯನ್ನು ಕೊಯ್ಕೊಯ್ದು ಬೆಂಕಿಗೆ ಹಾಕುತ್ತಿದ್ದಾಗ ಬೇಡವೆಂದು ಬಿನ್ನವಿಸಿದವರು ಮೂವರು. ಸುಡಬಾರದೆಂದು ಕೇಳಿಕೊಂಡ ಆ ಮೂವರೂ ಅರಮನೆಯ ಉದ್ಯೋಗಸ್ಥರೇ, ಅರಸನ ಅನ್ನ ಉಂಡವರೇ. ನಮ್ಮ ಸಭಾಚರಿತ್ರೆಗಳು ‘ವೃತ್ತಾಂತ ಪತ್ರಿಕೆ’ಯ 1887ನ್ನು ಹೆಮ್ಮೆಯಿಂದ ಎಣಿಸುತ್ತವೆ. ಅದರ 1908ನ್ನೂ ಬರೆಯಬೇಕಾಗಿದೆ.